ಹಸಿರು ತೂತಿನ ಹಿಂದೆ

2005ರ ಮೇ ತಿಂಗಳ ಕೊನೆಯಲ್ಲಿ ಸಿಡಿಲು ನಮ್ಮ ಮನೆಯೊಳಗೆ ಬಂದದ್ದು ಫೋನಿನ ವಯರು ಹಿಡಿದು. ಸಿದ್ದಾಪುರ ಸೀಮೆಯಲ್ಲಿ ಗುಡುಗು ಕೇಳಿದರೆ ಅಂಗಳದ ಬಟ್ಟೆಗಿಂತ ಮೊದಲು ಕಂಪ್ಯೂಟರಿನ ಹಿಂದಿನ ಫೋನ್ ವಯರು ಕೀಳಬೇಕು ಎಂಬುದು ಆಗ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಆ ಹೊತ್ತಿಗೆ ಮನೆಮಂದಿಯೆಲ್ಲ ಮದುವೆಯೊಂದರ ಪಂಕ್ತಿಯಲ್ಲಿ ಕೂತಿದ್ದೆವು. ವಾಪಸು ಬಂದು ನೋಡಿದರೆ ಮೋಡೆಮ್ ಸುಟ್ಟಿತ್ತು, ಪವರ್ ಸಪ್ಲೈ ಹೋಗಿತ್ತು, ಇದ್ದ ಎರಡು ಹಾರ್ಡ್ ಡಿಸ್ಕುಗಳಲ್ಲಿ ಹಳೆಯದು ತಿರುಗುವುದನ್ನೇ ಬಿಟ್ಟಿತ್ತು. 40 ಜಿಬಿಯ ಹೊಸ ಡಿಸ್ಕು ಅದು ಹೇಗೋ ಉಳಿದುಕೊಂಡಿತ್ತು. ಅಪ್ಪಯ್ಯ ದೇವರಿಗೆ ತುಪ್ಪದ ದೀಪ ಹಚ್ಚಿದ್ದು ಅದೊಂದಕ್ಕೇ.

ಯಾಕೆಂದರೆ ಅವರು ಬೆಂಗಳೂರಿನ ಎಸ್.ಪಿ. ರೋಡಿನಿಂದ ಆ ಕಂಪ್ಯೂಟರ್ ತರಿಸಿದ್ದು ಇಂಟರ್ನೆಟ್ಟಿಗಲ್ಲ, ಲೆಕ್ಕಪತ್ರಕ್ಕೂ ಅಲ್ಲ. ತಾಳಮದ್ದಳೆಗೆ; ವೇಷ, ಕುಣಿತವಿಲ್ಲದೆ ಕೂತು, ಭಾಗವತಿಕೆಯ ಹಾಡಿನ ಮೇಲೆ ಅರ್ಥವೆಂಬ ಮಾತಿನಲ್ಲೇ ಕಟ್ಟುವ ಯಕ್ಷಗಾನಕ್ಕೆ. ಮೂವತ್ತು ವರ್ಷ ಊರೂರು ಸುತ್ತಿ, ಮುಂದಿನ ಸಾಲಿನಲ್ಲಿ ಚಕ್ಕಳಬಕ್ಕಳ ಹಾಕಿ ಕೂತು, ತೊಡೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ತುಂಬಿಸಿದ ಕ್ಯಾಸೆಟ್ಟುಗಳು ಅವರ ಹತ್ತಿರ ಒಂದು ಮರದ ಪೆಟ್ಟಿಗೆ ತುಂಬ ಇದ್ದವು. ಅದರಲ್ಲಿ ಹೆಚ್ಚಿನವು ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ. ಶೇಣಿಯವರು ಆಗ ಎಂಬತ್ತೈದು ದಾಟಿದ್ದರು, ಮರುವರ್ಷ ತೀರಿಕೊಂಡರು. ಅವರ ವಾಲಿ, ಅವರ ರಾವಣ, ಎದುರು ಅರ್ಥದಾರಿಯನ್ನು ಮಾತಿನಲ್ಲೇ ಕಟ್ಟಿ ಕೂರಿಸುವ ಆ ವರಸೆ ಎಲ್ಲ ನಮ್ಮ ಮನೆಯಲ್ಲಿ ಪೆನ್ಸಿಲಿನಲ್ಲಿ ತಾರೀಕು ಬರೆದ ಪ್ಲಾಸ್ಟಿಕ್ ಡಬ್ಬಿಗಳಲ್ಲಿತ್ತು. ಮಲೆನಾಡಿನ ಥಂಡಿಗೆ ಅವಕ್ಕೆ ಬೂಷ್ಟು ಹಿಡಿಯುತ್ತಿತ್ತು. ಪಟ್ಟಿಯ ಅಂಚಿನಲ್ಲಿ ಬಿಳಿ ಪುಡಿ ಕಂಡ ದಿನ ಅಪ್ಪಯ್ಯ ಊಟ ಬಿಟ್ಟದ್ದುಂಟು.

ಕ್ಯಾಸೆಟ್ಟಿನದನ್ನು ಕಂಪ್ಯೂಟರಿಗೆ ಇಳಿಸುವುದು ಹೇಳುವುದಕ್ಕೆ ಸುಲಭದ ಕೆಲಸ. ಟೇಪ್‌ರೆಕಾರ್ಡರಿನಿಂದ ಒಂದು ವಯರು ತಂದು ಹಿಂಬದಿಯ ನೀಲಿ ತೂತಿಗೆ ಚುಚ್ಚಬೇಕು. ನೀಲಿ ಒಳಕ್ಕೆ, ಹಸಿರು ಹೊರಕ್ಕೆ, ಗುಲಾಬಿ ಮೈಕಿಗೆ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ಮಾಡಿದ ಪಿಸಿ 99 ಎಂಬ ಮಾರ್ಗಸೂಚಿಯಿಂದ ಬಂದ ಬಣ್ಣಗಳು ಇವು. ಅದಕ್ಕೂ ಮೊದಲಿನ ಪೆಟ್ಟಿಗೆಗಳಲ್ಲಿ ಯಾವುದಕ್ಕೆ ಯಾವುದು ಎಂದು ಟಾರ್ಚು ಹಿಡಿದು ಬಗ್ಗಿ ನೋಡಬೇಕಿತ್ತು. ಅಡಾಸಿಟಿ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಕೆಂಪು ಗುಂಡಿ ಒತ್ತಿದರೆ ಆಯಿತು, ಪರದೆಯ ಮೇಲೆ ನೀಲಿ ಅಲೆ ಓಡುತ್ತದೆ. ಕಷ್ಟವೆಲ್ಲ ಸಮಯದ್ದು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಡಿಸ್ಕಿನಲ್ಲಿ 600 ಎಂಬಿ ಜಾಗವೂ ಬೇಕು.

ಸಿಡಿಲು ಹೊಡೆದ ಮೇಲೆ ಪೇಟೆಯ ಅಂಗಡಿಯೊಂದಕ್ಕೆ ಕಂಪ್ಯೂಟರ್ ಕೊಟ್ಟೆವು. ಹೊಸ ಪವರ್ ಸಪ್ಲೈ ಸಮೇತ ಹೊಸ ಕ್ಯಾಬಿನೆಟ್ಟಿಗೇ ಎಲ್ಲವನ್ನೂ ಕೂರಿಸಿ ಕಳಿಸಿದರು. ಕಪ್ಪು ಬಣ್ಣ, ಎದುರಿಗೆ ನೀಲಿ ದೀಪ, ಇಯರ್‌ಫೋನ್ ಚುಚ್ಚಲು ಮುಂಬದಿಯಲ್ಲೇ ಎರಡು ತೂತು. ಆಯಿಗೆ ದೀಪ ಮೆಚ್ಚುಗೆಯಾಯಿತು. ಚಾಲೂ ಮಾಡಿದಾಗ ‘ಬೀಪ್’ ಅಂತು. ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡವೂ ಬಂತು. ಅದರ ಜೊತೆ ಬರಬೇಕಾಗಿದ್ದ ಸ್ವಾಗತದ ಸ್ವರ ಮಾತ್ರ ಬರಲಿಲ್ಲ.

ಮುಂದಿನದು ಆ ಕಾಲದಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದ ಯಾರಿಗಾದರೂ ಗೊತ್ತಿರುವ ಪೂಜಾಕ್ರಮ. ಮೂಲೆಯ ಸ್ಪೀಕರ್ ಚಿತ್ರ ಒತ್ತಿ ಮ್ಯೂಟ್ ಆಗಿದೆಯೇ ನೋಡುವುದು. ವಾಲ್ಯೂಮ್ ಕಂಟ್ರೋಲ್ ತೆರೆದು ವೇವ್ ಎಂಬ ಪಟ್ಟಿ ಕೆಳಗೆ ಬಿದ್ದಿದೆಯೇ ನೋಡುವುದು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಹುಡುಕುವುದು. ಹಳದಿ ಇರಲಿಲ್ಲ, ಎಲ್ಲ ಸರಿಯಾಗಿದೆ ಎಂದೇ ಕಂಪ್ಯೂಟರು ಹೇಳುತ್ತಿತ್ತು. ಮದರ್‌ಬೋರ್ಡಿನ ಜೊತೆ ಬಂದ ಸಿಡಿ ಹಾಕಿ ಡ್ರೈವರ್ ತೆಗೆದು ಮತ್ತೆ ಹಾಕಿದ್ದಾಯಿತು. ಹಾಡು ಹಚ್ಚಿದರೆ ಪರದೆಯ ಮೇಲೆ ಬಣ್ಣದ ಕಡ್ಡಿಗಳು ಕುಣಿಯುತ್ತವೆ, ಸ್ಪೀಕರಿನಲ್ಲಿ ಉಸಿರಿಲ್ಲ.

ಅಂಗಡಿಗೆ ಫೋನು ಮಾಡಿದರೆ ಅಲ್ಲಿಯ ಹುಡುಗನ ಮೊದಲ ಪ್ರಶ್ನೆ, “ಬೀಪ್ ಬರ್ತದಾ ಸಾರ್?” ಬರ್ತದೆ ಎಂದರೆ, “ಹಂಗಾದ್ರೆ ಹಾರ್ಡ್‌ವೇರ್ ಓಕೆ. ಫಾರ್ಮ್ಯಾಟ್ ಹೊಡೆದುಬಿಡೋಣ.” ಬೀಪಿಗೂ ಇದಕ್ಕೂ ಸಂಬಂಧವೇ ಇಲ್ಲ; ಅದು ಕ್ಯಾಬಿನೆಟ್ಟಿನೊಳಗಿನ ಒಂದು ಸಣ್ಣ ಗಂಟಲಿನಿಂದ ಬರುವಂಥದ್ದು, ಅದರ ದಾರಿಯೇ ಬೇರೆ. ಆದರೆ ಆಗಿನ ರಿಪೇರಿ ಶಾಸ್ತ್ರದಲ್ಲಿ ಎಲ್ಲ ರೋಗಕ್ಕೂ ಫಾರ್ಮ್ಯಾಟೇ ಮದ್ದು. ಆ ಮದ್ದಿಗೆ ಬಲಿಯಾಗಿ ಎಷ್ಟು ಮನೆಗಳ ಮದುವೆ ಫೋಟೋಗಳು ಹೋದವೋ. ಅಪ್ಪಯ್ಯ ಮಧ್ಯೆ ಬಾಯಿ ಹಾಕಿ, “ಹೊಡೆಯುವ ಬಡಿಯುವ ಮಾತೇ ಬೇಡ, ಅದರೊಳಗೆ ಶೇಣಿಯವರಿದ್ದಾರೆ” ಅಂದರು.

ದನಿ ಇಲ್ಲದಿದ್ದರೂ ಅವರು ಕೆಲಸ ನಿಲ್ಲಿಸಲಿಲ್ಲ, ಅದೇ ವಿಚಿತ್ರ. ನೀಲಿ ಅಲೆ ಬರುತ್ತಿದೆಯಲ್ಲ, ಅಂದ ಮೇಲೆ ಒಳಗೆ ಹೋಗುತ್ತಿದೆ ಎಂದೇ ಅರ್ಥ. ಕೇಳುವುದು ಆಮೇಲೆ ಕೇಳಿದರಾಯಿತು, ಬೂಷ್ಟು ಕಾಯುವುದಿಲ್ಲ ಎಂಬುದು ಅವರ ವಾದ. ಬೆಳಿಗ್ಗೆ ತೋಟಕ್ಕೆ ಹೋಗುವ ಮೊದಲು ಒಂದು ಕ್ಯಾಸೆಟ್ಟು, ರಾತ್ರಿ ಊಟದ ಮೇಲೆ ಒಂದು. ಜೂನ್ ಬಂದು ಮಳೆ ಹಿಡಿಯಿತು. ಅಡಕೆಗೆ ಬೋರ್ಡೋ ಹೊಡೆಸುವ ಗಡಿಬಿಡಿಯ ನಡುವೆಯೂ ಮೂಕ ಪರದೆಯಲ್ಲಿ ಅಲೆ ಓಡುತ್ತಲೇ ಇತ್ತು.

ರೇಡಿಯೋ ಮೇಸ್ತ್ರಿಯನ್ನು ಕರೆದದ್ದು ಆಯಿ. ಅದೂ ಕಂಪ್ಯೂಟರಿಗಲ್ಲ, ಮಿಕ್ಸರಿಗೆ. ವಾಲ್ವ್ ರೇಡಿಯೋ ಕಾಲದಿಂದ ಬೆಸುಗೆ ಕಡ್ಡಿ ಹಿಡಿದವರು. ಟಿವಿ ಬಂದ ಮೇಲೆ ಟಿವಿ, ಅದೂ ಕಮ್ಮಿಯಾದ ಮೇಲೆ ಮಿಕ್ಸರು, ಇಸ್ತ್ರಿಪೆಟ್ಟಿಗೆ. ಮಿಕ್ಸರಿನ ಬ್ರಷ್ ಬದಲಿಸಿ ಚಾ ಕುಡಿಯುತ್ತ ಜಗಲಿಯಲ್ಲಿ ಕೂತಿದ್ದವರು ಸುಮ್ಮನೆ ಪರದೆ ನೋಡಿ, “ಇದೇನು ತಮ್ಮಾ, ಕುಣೀತದೆ, ಮಾತಾಡೂದಿಲ್ಲ?” ಅಂದರು. ಹೇಳಿದೆ. “ನಂಗೆ ಕಂಪ್ಯೂಟರ್ ಗೊತ್ತಿಲ್ಲ. ಸ್ಪೀಕರ್ ಗೊತ್ತದೆ. ಅಲ್ಲಿಂದ ನೋಡ್ವ” ಎಂದು ಲೋಟ ಕೆಳಗಿಟ್ಟರು.

ನಾನು ನೋಡಿದ ರಿಪೇರಿಗಳಲ್ಲಿ ಅಷ್ಟು ಚಂದದ್ದು ಇನ್ನೊಂದಿಲ್ಲ. ನಾವೆಲ್ಲ ಒಳಗಿನಿಂದ ಹೊರಕ್ಕೆ ಹುಡುಕಿದ್ದೆವು; ಅವರು ಬಾಲದಿಂದ ತಲೆಗೆ ಹೊರಟರು. ಗುಡ್ಡದ ಅಬ್ಬಿಯಿಂದ ಮನೆಗೆ ಬರುವ ದಂಬೆ ನೀರು ನಿಂತರೆ ಆಳು ಹೊಂಡದ ಕಡೆಯಿಂದ ಮೇಲಕ್ಕೆ ನಡೆಯುತ್ತಾನಲ್ಲ, ಹಾಗೆ. ಮೊದಲು ಹಸಿರು ತೂತಿನಿಂದ ಸ್ಪೀಕರಿನ ಪಿನ್ನು ಕಿತ್ತು, ಅದರ ತುದಿಗೆ ಹೆಬ್ಬೆರಳು ಮುಟ್ಟಿಸಿದರು. ಸ್ಪೀಕರು ‘ಗುಂಯ್’ ಎಂದು ಗುನುಗಿತು. ಮನೆಯ ಕರೆಂಟಿನ ಗುಂಗು ಮೈಯಿಂದ ಹಾದು ಆಂಪ್ಲಿಫೈಯರಿಗೆ ಹೋದದ್ದು ಅದು. ರೇಡಿಯೋದವರ ಅತಿ ಹಳೆಯ ಮೀಟರು. “ಇವನು ಬದುಕಿದ್ದಾನೆ.” ಆಮೇಲೆ ಅದೇ ಪಿನ್ನನ್ನು ಟೇಪ್‌ರೆಕಾರ್ಡರಿಗೆ ಚುಚ್ಚಿ ಕ್ಯಾಸೆಟ್ ಹಾಕಿದರು. ವಾಲಿ ಮಾತಾಡಿದ. ಮೇಸ್ತ್ರಿ ತಲೆ ಓರೆ ಮಾಡಿ, “ದನಿ ಸ್ವಲ್ಪ ಭಾರ ಬಂತಲ್ಲ” ಅಂದರು. ಸ್ಪೀಕರಿನ ಗುಣ ಹೇಳುತ್ತಿದ್ದಾರೆ ಎಂದುಕೊಂಡು ನಾನು ಸುಮ್ಮನಿದ್ದೆ. ಅವರೂ ಮುಂದುವರಿಸಲಿಲ್ಲ.

ಟೇಪ್‌ರೆಕಾರ್ಡರನ್ನು ನೀಲಿ ತೂತಿಗೆ ಚುಚ್ಚಿದಾಗ ಪರದೆಯಲ್ಲಿ ಅಲೆ ಬಂತು. ಅಂದರೆ ಕಂಪ್ಯೂಟರಿಗೆ ಕಿವಿ ಸರಿಯಿದೆ. ಹಸಿರಿಗೆ ಇಯರ್‌ಫೋನ್ ಹಾಕಿದರೆ ಏನಿಲ್ಲ. ಮುಂಬದಿಯ ಹೊಸ ತೂತಿಗೆ ಹಾಕಿದರೂ ಏನಿಲ್ಲ. ಮೇಸ್ತ್ರಿ ಅಲ್ಲಿ ನಿಂತರು. “ಈ ಮುಂದಿನ ತೂತು ಹಳೇ ಡಬ್ಬಿಗೆ ಇತ್ತ?” ಇರಲಿಲ್ಲ. “ಮುಚ್ಚಳ ತೆಗಿ.”

ಒಳಗೆ, ಮುಂಬದಿಯ ತೂತುಗಳಿಂದ ಬಂದ ಸಣ್ಣ ವಯರುಗಳ ಗೊಂಚಲು ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಗಾಳಿಯಲ್ಲಿ ನೇತಾಡುತ್ತಿತ್ತು. ಅದರ ಹತ್ತಿರ ಮದರ್‌ಬೋರ್ಡಿನ ಅಂಚಿನಲ್ಲಿ ಎರಡು ಸಾಲು ಬೋಳು ಪಿನ್ನುಗಳು. ಆಗ ಮೇಸ್ತ್ರಿ ಹೇಳಿದ್ದು ಕಂಪ್ಯೂಟರಿನ ಮಾತಲ್ಲ, ಟ್ರಾನ್ಸಿಸ್ಟರಿನದು. ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ದನಿ ನೇರ ಸ್ಪೀಕರಿಗೆ ಹೋಗುವುದಿಲ್ಲವಂತೆ. ಮೊದಲು ಇಯರ್‌ಫೋನಿನ ತೂತಿಗೆ ಬಂದು, ಅಲ್ಲಿ ಒಂದು ತೆಳು ಲೋಹದ ಎಲೆಯನ್ನು ದಾಟಿ ಸ್ಪೀಕರಿಗೆ ಹೋಗಬೇಕು. ಇಯರ್‌ಫೋನ್ ಚುಚ್ಚಿದಾಗ ಎಲೆ ಸರಿದು ಸ್ಪೀಕರಿನ ದಾರಿ ಕಡಿಯುತ್ತದೆ. ಕಿತ್ತಾಗ ಮತ್ತೆ ಕೂಡುತ್ತದೆ. ಎಲೆಗೆ ಕಿಲುಬು ಹಿಡಿದರೆ ಕಿತ್ತರೂ ಕೂಡುವುದಿಲ್ಲ. “ನಮ್ಮ ಅಂಗಡಿಗೆ ಬಂದ ಮೂಕ ರೇಡಿಯೋಗಳಲ್ಲಿ ಅರ್ಧ ಇದೇ ಕೇಸು. ಇಲ್ಲೂ ದನಿ ಮುಂದಿನ ತೂತಿಗೆ ಹೋಗಿ ವಾಪಸು ಬರಬೇಕೇನೋ. ವಾಪಸು ಬರೂ ದಾರಿ ಕಡಿದದೆ. ಪುಸ್ತಕ ಉಂಟ ಇದರದ್ದು?”

ಪುಸ್ತಕ ಇತ್ತು. ಮದರ್‌ಬೋರ್ಡಿನ ಕೈಪಿಡಿ, ಪ್ಲಾಸ್ಟಿಕ್ ಚೀಲ ಸಹ ಒಡೆಯದೆ ಕಪಾಟಿನಲ್ಲಿ. ನಾನು ಓದಿದೆ, ಅವರು ಬೆರಳಿಟ್ಟು ಪಿನ್ನು ಎಣಿಸಿದರು. ಇಂಟೆಲ್ ರೂಪಿಸಿದ ಎಸಿ 97 ಎಂಬ ಪದ್ಧತಿಯ ಬೋರ್ಡು. ಧ್ವನಿಯ ಚಿಪ್ಪು ಬಿಟ್ಟ ದನಿ ಈ ಪಿನ್ನುಗಳ ಗುಂಪಿಗೆ ಬರುತ್ತದೆ. ಬಲಗಿವಿಯದು ಐದನೆಯ ಪಿನ್ನಿಗೆ, ಎಡಗಿವಿಯದು ಒಂಬತ್ತನೆಯದಕ್ಕೆ. ಮುಂಬದಿಯಲ್ಲಿ ಇಯರ್‌ಫೋನ್ ಇಲ್ಲದಾಗ ಆರು ಮತ್ತು ಹತ್ತನೆಯ ಪಿನ್ನಿಗೆ ಹಿಂತಿರುಗಿ ಹಸಿರು ತೂತಿಗೆ ಹೋಗಬೇಕು. ಮುಂಬದಿಯ ವಯರು ಜೋಡಿಸದಿದ್ದರೆ ಐದು–ಆರನ್ನೂ ಒಂಬತ್ತು–ಹತ್ತನ್ನೂ ಸಣ್ಣ ಜಂಪರ್ ಟೋಪಿಗಳಿಂದ ಕೂಡಿಸಿಯೇ ಇಡಬೇಕು ಎಂದು ಚೌಕಟ್ಟಿನೊಳಗೆ ಬರೆದಿತ್ತು. ಕಾರ್ಖಾನೆಯಿಂದ ಬರುವಾಗಲೇ ಅವು ಇರುತ್ತವೆ. ಅಂಗಡಿಯಲ್ಲಿ ವಯರು ಚುಚ್ಚಲೆಂದು ಟೋಪಿ ಕಿತ್ತಿದ್ದಾರೆ, ಅಗ್ಗದ ಕ್ಯಾಬಿನೆಟ್ಟಿನ ವಯರುಗಳಿಗೂ ಪಿನ್ನಿಗೂ ತಾಳ ಬಿದ್ದಿಲ್ಲ, ರಬ್ಬರ್ ಬ್ಯಾಂಡ್ ಹಾಕಿ ಬಿಟ್ಟಿದ್ದಾರೆ ಎಂಬುದು ನಮ್ಮ ಊಹೆ. ಟೋಪಿಗಳು ಅವರ ಅಂಗಡಿಯ ಕಸದ ಜೊತೆ ಹೋಗಿರಬೇಕು. ಡ್ರೈವರ್ ಎಷ್ಟು ಸಲ ಹಾಕಿದರೂ ಕಂಪ್ಯೂಟರಿಗೆ ಇದು ತಿಳಿಯುವಂತಿಲ್ಲ. ಅದರ ಪಾಲಿಗೆ ದನಿ ಚಿಪ್ಪನ್ನು ಬಿಟ್ಟಾಗಿದೆ.

ಮಳೆಯಲ್ಲಿ ಪೇಟೆಗೆ ಯಾರು ಹೋಗುತ್ತಾರೆ? ಸಿಡಿಲಿಗೆ ಸತ್ತ ಹಾರ್ಡ್ ಡಿಸ್ಕ್ ಅಲ್ಮೇರಾದ ಮೇಲಿತ್ತು. ಅದರ ಬೆನ್ನಿನಲ್ಲಿ ಮಾಸ್ಟರ್–ಸ್ಲೇವ್ ಹೊಂದಿಸುವ ಟೋಪಿ ಒಂದು, ಹಳೆಯ ಸಿಡಿ ಡ್ರೈವಿನ ಹಿಂದೆ ಇನ್ನೊಂದು. ಅಳತೆ ಅದೇ. ಮೇಸ್ತ್ರಿ ಚಿಮಟದಲ್ಲಿ ಕಿತ್ತು, ಕರೆಂಟು ತೆಗೆಸಿ, ಕೂರಿಸಿದರು. ಎಕ್ಸ್‌ಪಿಯ ಸ್ವಾಗತದ ಸ್ವರ ಎಷ್ಟು ಜೋರಾಗಿ ಬಂತೆಂದರೆ ಅಡುಗೆಮನೆಯಿಂದ ಆಯಿ ಕೂಗಿದಳು. ಸದ್ದು ಹುಡುಕುವ ಭರದಲ್ಲಿ ನಾನು ಎಲ್ಲ ಪಟ್ಟಿಗಳನ್ನೂ ತುದಿಗೆ ಏರಿಸಿಟ್ಟಿದ್ದೆ.

ಅಪ್ಪಯ್ಯ ತೋಟದಿಂದ ಬಂದರು. ಕೈಕಾಲು ತೊಳೆದು, ಪಂಚೆ ಬದಲಿಸಿ, ದೇವರೆದುರು ಕೂರುವ ಹಾಗೆ ಕೂತು, ಮಳೆಗಾಲ ಹಿಡಿದ ಮೇಲೆ ತುಂಬಿಸಿದ್ದರಲ್ಲಿ ಮೊದಲನೆಯದನ್ನು ಹಾಕಲು ಹೇಳಿದರು. ಭಾಗವತಿಕೆ ಮುಗಿದು ಅರ್ಥ ಶುರುವಾಯಿತು. ಎರಡು ವಾಕ್ಯ ಕೇಳಿದ್ದೇ ಅವರ ಹುಬ್ಬು ಗಂಟಾಯಿತು.

“ಮಾಣಿ, ಇದು ಶೇಣಿಯವರ ದನಿ ಅಲ್ಲ.”

“ಅವರದ್ದೇ ಅಪ್ಪಯ್ಯ, ತಾರೀಕು ನೀವೇ ಬರೆದದ್ದು.”

“ಶೇಣಿಯವರ ವಾಲಿ ಹೀಗೆ ನಿದ್ದೆಗಣ್ಣಲ್ಲಿ ಮಾತಾಡುವವನಲ್ಲ.”

ಮೇಸ್ತ್ರಿ ಹೊರಡಲು ಕೊಡೆ ಬಿಚ್ಚಿದವರು ತಿರುಗಿ ಬಂದು ಟೇಪ್‌ರೆಕಾರ್ಡರಿನ ಕ್ಯಾಸೆಟ್ ಬಾಗಿಲು ತೆಗೆದರು. “ನಾನು ಆಗಲೇ ಹೇಳಿದ್ನಲ್ಲ ಹೆಗಡೇರೆ, ಭಾರ ಅದೆ ಅಂತ. ಬೆಲ್ಟು ಸಡಿಲಾಗದೆ. ಪಟ್ಟಿ ನಿಧಾನ ಓಡ್ತದೆ.” ಪರದೆಯ ಅಲೆ ನಿಧಾನದ್ದಕ್ಕೂ ಸರಿಯಾದದ್ದಕ್ಕೂ ಒಂದೇ ಥರ ಕಾಣುತ್ತದೆ. ಜೂನಿನಲ್ಲಿ ತುಂಬಿಸಿದ್ದಷ್ಟೂ ಮತ್ತೆ ತುಂಬಿಸಬೇಕು.

ಅಪ್ಪಯ್ಯ ಲೆಕ್ಕ ಹಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದುಡ್ಡಿನ ಮಾತು ಬಂತು. ಮೇಸ್ತ್ರಿ ಮಿಕ್ಸರಿನ ಬ್ರಷ್ಷಿಗೆ ಮಾತ್ರ ತಗೊಂಡರು. ಕಂಪ್ಯೂಟರಿಗೆ ಏನು ಕೊಡಲಿ ಎಂದರೆ ಸತ್ತ ಹಾರ್ಡ್ ಡಿಸ್ಕ್ ಕೇಳಿದರು. ಒಳಗಿನ ಅಯಸ್ಕಾಂತ ಬಲವಾಗಿರುತ್ತದಂತೆ, ಬಿದ್ದ ಸ್ಕ್ರೂ ಹೆಕ್ಕಲು ಬೇಕಂತೆ. ಅದನ್ನು ಹಳೆ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಟೇಪ್‌ರೆಕಾರ್ಡರನ್ನು ಕಂಕುಳಲ್ಲಿ ಇಟ್ಟುಕೊಂಡು, “ಗುರುವಾರ ಸಂತೆಗೆ ಬಂದಾಗ ಒಯ್ರಿ, ಬೆಲ್ಟು ಹಾಕಿ ಇಟ್ಟಿರ್ತೆ” ಎಂದು ಹೊರಟರು.