ಎದುರಿನ ಕುರ್ಚಿ

ಕಳೆದ ಬೇಸಗೆಯ ರಜೆಯಲ್ಲಿ ನಾನು ಬೆಂಗಳೂರಿನ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಎರಡು ತಿಂಗಳು ಹೆಲ್ಪರನಾಗಿ ದುಡಿದೆ. ಹೊಲಿದ ಅಂಗಿಗಳಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುವುದು ನನ್ನ ಕೆಲಸ. ಬಿ.ಎ. ಓದುವವನಿಗೆ ಇದೇಕೆಂದು ಕೆಲವರು ನಗಬಹುದು. ಅಂತಿಮ ವರ್ಷದ ಶುಲ್ಕಕ್ಕೆ ನನಗೆ ಬೇರೆ ದಾರಿಯಿರಲಿಲ್ಲ. ಆದರೆ ನಾನಿಲ್ಲಿ ಬರೆಯಹೊರಟಿರುವುದು ಆ ಕಾರ್ಖಾನೆಯ ಒಂದು ಕೋಣೆಯ ವಿಷಯ.

ಅದರ ಬಾಗಿಲ ಮೇಲೆ ‘ಮಾನವ ಸಂಪನ್ಮೂಲ ವಿಭಾಗ’ ಎಂದು ಬರೆದಿತ್ತು. ಸಂಪನ್ಮೂಲವೆಂದರೆ ನೆಲ, ಜಲ, ಖನಿಜವೆಂದು ತರಗತಿಯಲ್ಲಿ ಓದಿದ್ದ ನನಗೆ ಈ ಹೆಸರು ವಿಚಿತ್ರವಾಗಿ ತೋರಿತು. ಒಳಗೆ ಮೇಜಿನ ಆಚೆ ಒಂದು ಕುರ್ಚಿ. ಈಚೆ ಏನೂ ಇಲ್ಲ. ಅಧಿಕಾರಿಗಳು ನನ್ನ ಊರು ಕೇಳಿದರು. “ಪಾಲಾರ್” ಎಂದೆ. “ಬಾಂಬ್ ಸಿಡಿದ ಊರಲ್ಲವೆ?” ಎಂದು ನಕ್ಕರು. 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡದವರು ನಮ್ಮೂರ ಬಳಿ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದದ್ದು ನಿಜ. ಅದು ನಾನು ಹುಟ್ಟುವ ಮುಂಚಿನ ಮಾತು. ಮಾದಪ್ಪನ ಬೆಟ್ಟದ ಕೆಳಗೆ, ಪಾಲಾರ್ ಹೊಳೆ ಕಾವೇರಿಯನ್ನು ಸೇರುವ ಎಡೆ ನಮ್ಮದು ಎಂದು ಹೇಳಬೇಕೆನಿಸಿತು. ನಿಂತವನಿಗೆ ಮಾತು ಹೊರಡಲಿಲ್ಲ.

ನನ್ನ ಅಕ್ಕ ಅದೇ ಕಾರ್ಖಾನೆಯಲ್ಲಿ ಹನ್ನೊಂದು ವರ್ಷಗಳಿಂದ ಟೈಲರ್. ಅವಳು ಕಳುಹಿಸಿದ ಹಣದಿಂದಲೇ ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು. ಹಿಂದೊಮ್ಮೆ ಅವ್ವನಿಗೆ ಜ್ವರ ಏರಿದಾಗ ಅಕ್ಕ ಸೂಪರ್‌ವೈಸರಿಗೆ ಬಾಯಿಮಾತಿನಲ್ಲಿ ಹೇಳಿ ಊರಿಗೆ ಬಂದಿದ್ದಳು. ಮೂರು ದಿನದ ಮೇಲೆ ಹಿಂದಿರುಗಿದರೆ ಅರ್ಧ ದಿನ ಗೇಟಿನ ಹೊರಗೆ ನಿಲ್ಲಿಸಿದರು. ಹಾಜರಿಯ ಬೋನಸ್ಸೂ ಹೋಯಿತು. ಅರ್ಜಿ ಬರೆದುಕೊಡಬೇಕೆಂಬುದು ನಿಯಮ. ಆದರೆ ಅರ್ಜಿಯ ನಮೂನೆ ಇದ್ದದ್ದು ಇಂಗ್ಲಿಷಿನಲ್ಲಿ. ಗೋಡೆಯ ಮೇಲೆ ದೂರಿನ ಪೆಟ್ಟಿಗೆಯೊಂದಿತ್ತು. ಅದರ ನೇರಕ್ಕೆ ಕ್ಯಾಮೆರಾ! ಅದರೊಳಗೆ ಯಾರಾದರೂ ಚೀಟಿ ಹಾಕಿದ್ದನ್ನು ನಾನು ಕಾಣಲಿಲ್ಲ.

ಈ ಕೋಣೆ ಹುಟ್ಟಿದ್ದಾದರೂ ಹೇಗೆಂದು ಮರಳಿ ಬಂದ ಮೇಲೆ ಗ್ರಂಥಾಲಯದಲ್ಲಿ ಹುಡುಕಿದೆ. ಹಿಂದೆ ಗಿರಣಿಗಳಲ್ಲಿ ಜಾಬರ್ ಎಂಬ ಮೇಸ್ತ್ರಿಗಳು ಲಂಚ ತೆಗೆದುಕೊಂಡು ಆಳುಗಳನ್ನು ಸೇರಿಸುತ್ತಿದ್ದರಂತೆ. ಅವರ ಹಿಡಿತ ತಪ್ಪಿಸಲು ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕೆಂದು 1931ರಲ್ಲಿ ರಾಯಲ್ ಆಯೋಗ ಶಿಫಾರಸು ಮಾಡಿತು. 1948ರ ಕಾರ್ಖಾನೆ ಕಾಯಿದೆಯು 500 ಕಾರ್ಮಿಕರಿದ್ದಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 250ಕ್ಕೆ ಇಳಿದಿದೆ. ಅಂದರೆ, ಬಡವನ ಪರವಾಗಿ ಒಬ್ಬರಿರಲಿ ಎಂದೇ ಈ ಹುದ್ದೆ ಹುಟ್ಟಿತು. ಸಂಬಳವನ್ನು ಮಾತ್ರ ಮಾಲೀಕರೇ ಕೊಡುವರು. ತೊಡಕಿರುವುದು ಇಲ್ಲಿಯೇ ಅಲ್ಲವೆ?

ಕೇಳುವವರಿಲ್ಲದಾಗ ಏನಾಗುವುದೆಂಬುದಕ್ಕೆ ಅಕ್ಕ 2016ರ ಏಪ್ರಿಲ್ ತಿಂಗಳನ್ನು ನೆನೆಯುತ್ತಾಳೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಮಗಳ ಮದುವೆಗೆ, ಸಾಲಕ್ಕೆ ಆ ಹಣವನ್ನೇ ನಂಬಿದ್ದ ಸಾವಿರಾರು ಹೆಂಗಸರು ಬೆಂಗಳೂರಿನ ಬೀದಿಗಿಳಿದರು. ಏಪ್ರಿಲ್ 19ರಂದು ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. “ಮೊದ್ಲೇ ಯಾರಾರ ಕೂರ್ಸಿ ಕೇಳಿದ್ರ ಬೀದಿಗ್ ಯಾಕ್ ಹೋಯ್ತಿದ್ದೊ?” ಎನ್ನುತ್ತಾಳೆ ಅಕ್ಕ.

ನಾನಿದ್ದ ಎರಡನೆಯ ತಿಂಗಳಿನಲ್ಲಿ ಆ ಕೋಣೆಗೆ ಹೊಸಬರೊಬ್ಬ ಮಹಿಳೆ ಬಂದರು. ರಜೆಯ ಅರ್ಜಿಯನ್ನು ಕನ್ನಡದಲ್ಲಿ ಮಾಡಿಸಿದರು. ಮಧ್ಯಾಹ್ನ ನಮ್ಮೊಡನೆಯೇ ಕ್ಯಾಂಟೀನಿನ ಬೆಂಚಿನಲ್ಲಿ ಕುಳಿತು ಉಣ್ಣುತ್ತಿದ್ದರು. ಸಂಬಳದ ಚೀಟಿ ಅರ್ಥವಾಗದವರಿಗೆ ಓದಿ ಹೇಳುತ್ತಿದ್ದರು. ಹದಿನೈದು ದಿನಗಳಲ್ಲಿ ನಮ್ಮ ಲೈನಿನ ಸೂಪರ್‌ವೈಸರ್ “ಏ” ಎನ್ನುವುದನ್ನು ಬಿಟ್ಟು ಹೆಸರು ಹಿಡಿದು ಕರೆಯತೊಡಗಿದರು. ಯಾರೂ ಅವರಿಗೆ ಉಪದೇಶ ಮಾಡಿದ್ದನ್ನು ನಾನು ಕೇಳಲಿಲ್ಲ. ಮೇಲಿನವರ ನಡತೆಯನ್ನು ಕಂಡು ಕೆಳಗಿನವರ ನಾಲಗೆ ತಿದ್ದಿಕೊಂಡಿತು. ಆದರೆ ಮಾಲು ಕಳುಹಿಸುವ ದಿನ ಹತ್ತಿರವಾದಾಗ ಗಂಟೆಯ ಲೆಕ್ಕ ಏರಿತು. ಹಳೆಯ ಕೂಗಾಟ ಮತ್ತೆ ಬಂತು. ಆಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಒಳಗೆ ಬರಲಿಲ್ಲ. ಆ ಮುಖವನ್ನು ನಾನು ಇನ್ನೂ ಮರೆತಿಲ್ಲ.

ಬಿ.ಎ. ಆದ ಮೇಲೆ ಎಂ.ಎಸ್.ಡಬ್ಲ್ಯು. ಓದಿದರೆ ಇಂಥ ಹುದ್ದೆ ದೊರೆಯುವುದೆಂದು ನಮ್ಮ ಅಧ್ಯಾಪಕರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಮೇಜಿನ ಆಚೆ ಕುಳಿತವರು ಇದುವರೆಗೆ ಯಾರೂ ಇಲ್ಲ. ನನಗೆ ಆಸೆಯೂ ಇದೆ, ಅಂಜಿಕೆಯೂ ಇದೆ. ನಾಳೆ ಯಾರದೋ ಅಕ್ಕನನ್ನು ಗೇಟಿನ ಹೊರಗೆ ನಿಲ್ಲಿಸುವ ಕಾಗದಕ್ಕೆ ನಾನೇ ಸಹಿ ಹಾಕಬೇಕಾಗಿ ಬಂದರೆ?

ಇದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಓದಪ್ಪ. ಆ ಕೋಣೇಲಿ ಕೂತ್ಕ. ಆದ್ರ ಮೊದ್ಲು ಎದುರ್ಗ ಒಂದು ಕುರ್ಚಿ ಮಡಗ್ಸು ಕನ” ಎಂದಳು.

ಕುರ್ಚಿಯೊಂದರಿಂದ ಕೂಗಾಟ ನಿಲ್ಲದೆಂಬುದು ನನಗೆ ತಿಳಿದಿದೆ. ಆದರೂ ಅಂದು ಆ ಕೋಣೆಯಲ್ಲಿ ಕುಳಿತಿದ್ದರೆ ನಮ್ಮ ಹೊಳೆಯ ಹೆಸರನ್ನಾದರೂ ಹೇಳಿರುತ್ತಿದ್ದೆ. ಫಲಿತಾಂಶ ಬಂದೊಡನೆ ಅರ್ಜಿ ಹಾಕಬೇಕೆಂದಿದ್ದೇನೆ.