ಬೀಗದ ಕೈ

ಅಡಕೆಯ ಮರದಿಂದ ಕಳಚಿ ಬಿದ್ದ ಹಾಳೆಯನ್ನು ಮಲೆನಾಡಿನ ಗೃಹಸ್ಥನು ಕಸವೆಂದು ಎಣಿಸುವುದಿಲ್ಲ. ಅದು ತೋಟದ ಆಳಿನ ತಲೆಗೆ ಟೊಪ್ಪಿಯಾಗುತ್ತದೆ, ಊಟಕ್ಕೆ ತಟ್ಟೆಯಾಗುತ್ತದೆ, ಸೆಕೆಗೆ ಬೀಸಣಿಗೆಯಾಗುತ್ತದೆ, ಮಕ್ಕಳು ಒಬ್ಬರನ್ನೊಬ್ಬರು ಕೂರಿಸಿ ಎಳೆದಾಡುವ ರಥವಾಗುತ್ತದೆ, ಕಟ್ಟಕಡೆಗೆ ಬಚ್ಚಲ ಒಲೆಯನ್ನು ಸೇರಿ ನೀರನ್ನು ಕಾಯಿಸುತ್ತದೆ. ಒಂದು ವಸ್ತುವು ಹುಟ್ಟಿದ ಕೆಲಸ ಮುಗಿದ ಮಾತ್ರಕ್ಕೆ ಆ ವಸ್ತುವೇ ಮುಗಿಯಿತೆಂದು ಹಿಂದಿನವರು ತಿಳಿಯಲಿಲ್ಲ. ಆದರೆ ಅದೇ ಮನೆಯ ಬೀರುವಿನ ಸೆಳೆಖಾನೆಯನ್ನು ಈಗ ಎಳೆದು ನೋಡಿದರೆ, ಸಾವಿರಾರು ರೂಪಾಯಿ ಬೆಲೆಯ ನಾಲ್ಕೈದು ಮೊಬೈಲುಗಳು ಒಂದರ ಮೇಲೊಂದು ಮಲಗಿರುತ್ತವೆ. ಹಾಳೆಗೆ ದೊರೆತ ಮರುಜನ್ಮವು ಇವಕ್ಕೆ ಏಕೆ ದೊರೆಯಲಿಲ್ಲ? ಆಯನೂರಿನ ಮೇಷ್ಟರನ್ನು ಹತ್ತು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ ಇದು.

ಆಯನೂರು ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಕುಂಸಿಗಿಂತ ಮೊದಲು ಸಿಗುವ ಊರು. ರಿಪ್ಪನ್‌ಪೇಟೆಯ ಕಡೆಗೆ ಹೋಗತಕ್ಕವರು ಇಲ್ಲಿ ಹೆದ್ದಾರಿಯನ್ನು ಬಿಟ್ಟು ತಿರುಗುತ್ತಾರೆ. ಮೇಷ್ಟರು ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಹೇಳಿ ನಿವೃತ್ತರಾದವರು. ಅವರ ಮನೆಯ ಜಗಲಿಯ ಮೂಲೆಯಲ್ಲಿ ಒಂದು ಹಳೆಯ ಮೇಜು ಉಂಟು. ಅದರ ಮೇಲೆ ಸಣ್ಣ ಸಣ್ಣ ತಿರುಪುಳಿಗಳು, ಅಂಟನ್ನು ಮೆತ್ತಗೆ ಮಾಡಲು ಮೊಮ್ಮಗಳಿಂದ ಕಸಿದುಕೊಂಡ ಕೂದಲೊಣಗಿಸುವ ಯಂತ್ರ, ಫೋನಿನ ಬೆನ್ನನ್ನು ಎಬ್ಬಿಸಲು ಅವಧಿ ಮುಗಿದ ಬ್ಯಾಂಕಿನ ಕಾರ್ಡು. ಊದಿಕೊಂಡ ಬ್ಯಾಟರಿಯನ್ನು ಮಾತ್ರ ಅವರು ಕೆಣಕುವುದಿಲ್ಲ. ಅದರ ಹೊಟ್ಟೆಯಲ್ಲಿರುವ ಅನಿಲವೂ ಬೆಂಕಿಯೂ ನೆಂಟರು ಎಂಬುದು ಅವರ ಮಾತು. ಅಂತಹದನ್ನು ಮರಳಿನ ಡಬ್ಬಿಯಲ್ಲಿಟ್ಟು, ಇಂತಹ ತ್ಯಾಜ್ಯವನ್ನು ಕೊಳ್ಳುವವರಿಗೆ ಒಪ್ಪಿಸುತ್ತಾರೆ.

ಈ ಮೇಜಿನ ಮೇಲೆ ಮರುಹುಟ್ಟು ಪಡೆದವು ಹಲವು. ಗಾಜೊಡೆದ ಒಂದು ಫೋನು ಸುಗ್ಗಿಯಲ್ಲಿ ಅಡಕೆ ಹರವಿದ ಅಂಗಳವನ್ನು ಕಾಯುವ ಕಣ್ಣಾಯಿತು. ದೂರದರ್ಶನಕ್ಕೆ ಜೋಡಿಸುವ ಒಂದು ಪುಟ್ಟ ಪೆಟ್ಟಿಗೆಯು ಕೀಲಿಮಣೆಯನ್ನು ಕಟ್ಟಿಕೊಂಡು ಮಕ್ಕಳಿಗೆ ಗಣಕಯಂತ್ರವಾಯಿತು. ತೆರೆಯು ಬೆಳಗಿದರೂ ಬೆರಳಿಗೆ ಓಗೊಡದ ಫೋನುಗಳನ್ನು ಹಿಡಿದು ಬಂದವರಿಗೆ ಮೇಷ್ಟರು ಒಂದು ಚೋಟುದ್ದದ ತಂತಿಯನ್ನು ಸಿಕ್ಕಿಸಿ, ಅದರ ತುದಿಗೆ ಗಣಕಯಂತ್ರದ ಮೌಸನ್ನು ಜೋಡಿಸಿಕೊಡುತ್ತಾರೆ. ಕೂಡಲೇ ತೆರೆಯ ಮೇಲೆ ಬಾಣದ ಗುರುತೊಂದು ಮೂಡಿ ಓಡಾಡತೊಡಗುತ್ತದೆ. ಮದುವೆಯ ಚಿತ್ರಗಳು ಕೈಸೇರಿ, ಬಂದವರು ಕಣ್ಣೊರಸಿಕೊಂಡು ಹೋದದ್ದುಂಟು.

ಇವೆಲ್ಲಕ್ಕೂ ಮೂಲವಾದದ್ದು ಆಂಡ್ರಾಯ್ಡ್ ಎಂಬ ವ್ಯವಸ್ಥೆ. 2008ರಲ್ಲಿ ಮೊದಲ ಫೋನಿನಲ್ಲಿ ಕಾಣಿಸಿಕೊಂಡ ಇದು ಲಿನಕ್ಸ್ ಎಂಬ ಮುಕ್ತ ತಿರುಳಿನ ಮೇಲೆ ನಿಂತಿದೆ. ಇದರ ಬಹುಭಾಗದ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಬಹುಕಾಲ ಇದರ ಆವೃತ್ತಿಗಳಿಗೆ ಪರದೇಶದ ಸಿಹಿತಿಂಡಿಗಳ ಹೆಸರನ್ನು ಅಕಾರಾದಿಯಾಗಿ ಇಡುತ್ತಿದ್ದರು. 2019ರಲ್ಲಿ ಆ ಪದ್ಧತಿಯನ್ನು ಬಿಟ್ಟು ಬರಿಯ ಅಂಕಿಗೆ ಇಳಿದರು. ಹೋಳಿಗೆಯ ಸರದಿ ಬರಲೇ ಇಲ್ಲವೆಂಬುದು ಮೇಷ್ಟರ ತಾಯಿಯವರ ಆಕ್ಷೇಪಣೆ.

ಆ ತಾಯಿಗೆ ಎಂಬತ್ತಾರು ವರ್ಷ. ಲಕ್ಷ್ಮೀಶನ ಜೈಮಿನಿ ಭಾರತವು ಅವರ ನಿತ್ಯಪಾರಾಯಣ. ಅರ್ಧಕ್ಕರ್ಧ ಬಾಯಿಗೆ ಬರುತ್ತಿದ್ದರೂ, ಕಣ್ಣು ಅಕ್ಷರದ ಮೇಲೆ ಆಡದಿದ್ದರೆ ಓದಿದಂತಾಗದೆಂಬುದು ಅವರ ನಂಬಿಕೆ. ವರ್ಷ ವರ್ಷಕ್ಕೂ ದೃಷ್ಟಿ ಮಂದವಾಯಿತು. ದಪ್ಪ ಅಕ್ಷರದ ಪ್ರತಿಯನ್ನು ಹುಡುಕಿ ತಂದರೆ ಪುಸ್ತಕದ ಭಾರವನ್ನು ಕೈ ತಡೆಯಲಿಲ್ಲ. ಮೊಬೈಲಿನ ತೆರೆಯನ್ನು ಕಣ್ಣಿಗೆ ಹಿಡಿದರೆ ಬೆಳಕು ಚುಚ್ಚುವುದೆಂದು ಮುಖ ತಿರುಗಿಸುತ್ತಿದ್ದರು. ಕೊನೆಗೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ತೆರೆಯದೆಯೇ ಕುಳಿತಿರುವುದನ್ನು ಮಗನು ನೋಡಿದರು. ಆ ನೋಟವೇ ಅವರನ್ನು ಮೇಜಿಗೆ ಕಳುಹಿಸಿತು.

ಅಮೆರಿಕಾದಲ್ಲಿರುವ ಮೊಮ್ಮಗನು ರಜೆಗೆ ಬಂದಾಗ, ಅಲ್ಲಿ ಹಳೆಯ ಸಾಮಾನಿನಲ್ಲಿ ಕೊಂಡ ಒಂದು ಓದುಯಂತ್ರವನ್ನು ತಂದಿದ್ದನು. 2011ರಲ್ಲಿ ಹೊರಬಂದ ಅದರ ಹೆಸರು ನೂಕ್. ‘ನೂಕಿದರೆ ಹೋಗುತ್ತದೆಯೇನೋ ಇದು?’ ಎಂದು ಅಜ್ಜಿ ಕೇಳಿದರು. ಅಂದಿನಿಂದ ಮನೆಯಲ್ಲಿ ಅದರ ಹೆಸರು ‘ನೂಕು’ ಎಂದೇ ಆಯಿತು. ಅದರ ಆರು ಅಂಗುಲದ ತೆರೆಗೆ ಸ್ವಂತ ಬೆಳಕಿಲ್ಲ. ಕೂದಲೆಳೆಯಷ್ಟು ಸಣ್ಣ ಗೋಳಗಳಲ್ಲಿ ಕಪ್ಪು ಬಿಳಿಯ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಏಳುತ್ತ ಇಳಿಯುತ್ತ ಅಕ್ಷರವಾಗಿ ನಿಲ್ಲುತ್ತವೆ; ಒಮ್ಮೆ ನಿಂತ ಮೇಲೆ ವಿದ್ಯುತ್ತು ಬೇಕಿಲ್ಲ. ಬಿಸಿಲಿನಲ್ಲಿ ಹಿಡಿದರೆ ಕಾಗದದಂತೆಯೇ ಕಾಣುತ್ತದೆ. ತೂಕವೂ ಹಗುರ. ತಾಯಿಯ ಕಣ್ಣಿಗಾಗಿಯೇ ಮಾಡಿದಂತಿತ್ತು.

ಆದರೆ ಅದಕ್ಕೆ ಕನ್ನಡ ಬಾರದು. ಒಳಗಿದ್ದದ್ದು ಆಂಡ್ರಾಯ್ಡಿನ 2.1ನೆಯ ಆವೃತ್ತಿ. ಕನ್ನಡ, ತೆಲುಗು, ಮಲಯಾಳಗಳನ್ನು ಸರಿಯಾಗಿ ಬಿಡಿಸುವ ವಿದ್ಯೆಯು ಆಂಡ್ರಾಯ್ಡಿಗೆ ಬಂದದ್ದು 2012ರ 4.1ನೆಯ ಆವೃತ್ತಿಯಲ್ಲಿ. ಕಡತವನ್ನು ತೆರೆದರೆ ಸಾಲು ಸಾಲು ಖಾಲಿ ಚೌಕಗಳು. ಮೇಷ್ಟರು ಎದೆಗುಂದಲಿಲ್ಲ. ಆ ಯಂತ್ರದಲ್ಲಿ ಒಂದು ಔದಾರ್ಯವಿತ್ತು: ಎಚ್ಚರಗೊಂಡ ಕೂಡಲೇ ಅದು ತನ್ನ ಒಳನೆನಪಿಗಿಂತ ಮೊದಲು, ಬದಿಯಲ್ಲಿ ಸಿಕ್ಕಿಸಿದ ಉಗುರಿನಷ್ಟು ಕಾರ್ಡನ್ನು ನೋಡುತ್ತದೆ. ಆ ಕಾರ್ಡಿನಲ್ಲಿ ತಕ್ಕ ತಂತ್ರಾಂಶವನ್ನು ಬರೆದಿಟ್ಟರೆ ಯಂತ್ರದ ಪೂರ್ಣಾಧಿಕಾರವು ಒಡೆಯನ ಕೈಗೆ ಬರುತ್ತದೆ; ಕೆಟ್ಟರೆ ಕಾರ್ಡಿನಿಂದಲೇ ಮತ್ತೆ ಎಬ್ಬಿಸಬಹುದು. ಮೊದಲು ಇದ್ದದ್ದೆಲ್ಲವನ್ನೂ ನಕಲು ತೆಗೆದಿಟ್ಟು, ಆಮೇಲೆ ಮೇಷ್ಟರು ಒಳಹೊಕ್ಕು ಕನ್ನಡದ ಅಕ್ಷರವಿನ್ಯಾಸವೊಂದನ್ನು ಸೇರಿಸಿದರು. ಅಕ್ಷರಗಳೇನೋ ಮೂಡಿದವು, ಒತ್ತುಗಳು ಮೂಡಲಿಲ್ಲ. ‘ಅಮ್ಮ’ ಎಂಬಲ್ಲಿ ಕೆಳಗಿಳಿಯಬೇಕಾದ ಮಕಾರವು ಇಳಿಯಲೊಲ್ಲದೆ, ಎರಡು ಮಕಾರಗಳು ಜಗಳವಾಡಿದ ದಾಯಾದಿಗಳಂತೆ ಪಕ್ಕಪಕ್ಕದಲ್ಲಿ ನಿಂತವು. ಅಕ್ಷರದ ರೂಪವಿದ್ದರೆ ಸಾಲದು, ಅಕ್ಷರಗಳನ್ನು ಕೂಡಿಸುವ ಬುದ್ಧಿಯೂ ಬೇಕು. ಆ ಬುದ್ಧಿ ಅಲ್ಲಿರಲಿಲ್ಲ.

ಓದಲು ಬಾರದ ಯಂತ್ರಕ್ಕೆ ಚಿತ್ರವನ್ನು ಹಿಡಿದರಾಯಿತೆಂದು ಅವರಿಗೆ ಹೊಳೆಯಿತು. ಹಳೆಯ ಮುದ್ರಣದ ಪುಟಗಳ ಛಾಯಾಪ್ರತಿಗಳು ಅಂತರಜಾಲದ ಗ್ರಂಥಭಂಡಾರಗಳಲ್ಲಿ ದೊರೆಯುತ್ತವೆ. ಅಂತಹ ಪುಟವನ್ನು ಪದಪದವಾಗಿ ಕತ್ತರಿಸಿ ಸಣ್ಣ ತೆರೆಗೆ ಮತ್ತೆ ಪೋಣಿಸುವ ಒಂದು ತಂತ್ರಾಂಶವುಂಟು. ಭಾಷೆ ಯಾವುದೆಂದು ಅದು ಕೇಳುವುದಿಲ್ಲ. ಕಪ್ಪು ಬಿಳುಪನ್ನು ಮಾತ್ರ ನೋಡುತ್ತದೆ. ಮೇಷ್ಟರು ಒಂದು ಸಂಧಿಯನ್ನು ಹಾಗೆ ಸಿದ್ಧಪಡಿಸಿ ಹೆಮ್ಮೆಯಿಂದ ತಾಯಿಯ ಕೈಗಿತ್ತರು. ತಾಯಿ ಎರಡು ಪದ್ಯ ನೋಡಿ ಕೆಳಗಿಟ್ಟರು. ‘ಎಂಟು ಕಾಲು ಬಂದಿದೆಯಲ್ಲೋ! ಇದು ಷಟ್ಪದಿಯೋ ಜೇಡವೋ?’ ಎಂದರು. ಗದ್ಯಕ್ಕೆ ಒಗ್ಗುವ ಆ ಕತ್ತರಿ ಪದ್ಯದ ಪಾದಗಳನ್ನು ಮುರಿದಿತ್ತು.

ಆ ವರ್ಷದ ಮಳೆಗಾಲವೆಲ್ಲ ಮೇಷ್ಟರಿಗೆ ಅದೇ ಕೆಲಸವಾಯಿತು. ಒಂದೊಂದು ಪದ್ಯವನ್ನೂ ಕೈಯಾರೆ ಕತ್ತರಿಸಿ, ಅಂಚನ್ನು ಸವರಿ, ವಾರ್ಧಕದ ನೀಳವಾದ ಸಾಲುಗಳು ಹಿಡಿಸುವಂತೆ ಅಡ್ಡಲಾಗಿ ತಿರುಗಿಸಿ, ಒಂದು ಪದ್ಯಕ್ಕೆ ಒಂದು ಚಿತ್ರದಂತೆ ಜೋಡಿಸಿದರು. ಕರೆಂಟು ಹೋದ ಸಂಜೆಗಳಲ್ಲಿ ಕೆಲಸ ನಿಲ್ಲುತ್ತಿತ್ತು. ನವರಾತ್ರಿಯ ಹೊತ್ತಿಗೆ ತಾಯಿ ಜಗಲಿಯ ಬಿಸಿಲಿನಲ್ಲಿ ಕುಳಿತು ‘ನೂಕನ್ನು’ ಓದುವುದು ದಾರಿಹೋಕರಿಗೂ ಪರಿಚಿತ ದೃಶ್ಯವಾಯಿತು. ಪುಟ ತಿರುವಲು ಅಂಚಿನ ಗುಂಡಿಯನ್ನು ಒತ್ತುವ ಮುನ್ನ ಅವರು ಈಗಲೂ ಬೆರಳನ್ನು ನಾಲಗೆಗೆ ತಾಗಿಸಿಕೊಳ್ಳುತ್ತಾರೆ.

ಕನ್ನಡನಾಡಿಗೆ ಈ ಬಗೆಯ ಔದಾರ್ಯ ಹೊಸದಲ್ಲ. 2001ರಲ್ಲಿ, ಆಂಡ್ರಾಯ್ಡು ಹುಟ್ಟುವ ಮೊದಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರೂ ಎನ್ಕೋರ್ ಸಂಸ್ಥೆಯ ಯಂತ್ರಜ್ಞರೂ ಸೇರಿ ‘ಸಿಂಪ್ಯೂಟರ್’ ಎಂಬ ಕೈಗಣಕವನ್ನು ಜಗತ್ತಿಗೆ ತೋರಿಸಿದರು. ಅದೂ ಲಿನಕ್ಸಿನ ಮೇಲೆ ನಡೆಯುತ್ತಿತ್ತು. ಅದರ ಯಂತ್ರರಚನೆಯ ನಕ್ಷೆಯನ್ನು ಸಹ ಅವರು ಬಚ್ಚಿಡಲಿಲ್ಲ. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲವೆಂಬುದು ನಿಜ. ಆದರೆ ಕೊಂಡವನಿಗೆ ವಸ್ತುವಿನ ಜೊತೆಗೆ ಅದರ ಗುಟ್ಟೂ ಸಲ್ಲಬೇಕೆಂಬ ಭಾವನೆ ಸೋತಿತೆಂದು ಹೇಳಲಾಗದು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದಾಗ, ಮೇಷ್ಟರು ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಬೀಗ ಹಾಕಿದ ಯಂತ್ರಗಳ ಮೇಲೆ ಅವರಿಗೆ ಅಷ್ಟು ಸಿಟ್ಟು. ‘ದುಡ್ಡು ಕೊಟ್ಟವನು ನಾನು, ಬೀಗದ ಕೈ ಬೇರೊಬ್ಬನ ಸೊಂಟದಲ್ಲಿ’ ಎಂದು ಬಂದವರೊಡನೆಲ್ಲ ಹೇಳುತ್ತಿದ್ದರು.

ಆ ಸಿಟ್ಟಿಗೆ ಒಂದು ತಿದ್ದುಪಡಿ ಬಂದದ್ದು ಎರಡು ವರ್ಷದ ಹಿಂದೆ. ರಿಪ್ಪನ್‌ಪೇಟೆಯ ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸು, ಸೆರಗಿನಲ್ಲಿ ಸುತ್ತಿದ ಫೋನೊಂದನ್ನು ತಂದು ಮೇಜಿನ ಮೇಲಿಟ್ಟರು. ಗಂಡ ಇದ್ದಕ್ಕಿದ್ದಂತೆ ಎದೆನೋವಿನಿಂದ ತೀರಿಕೊಂಡು ಮೂರು ತಿಂಗಳಾಗಿತ್ತು. ಅಡಕೆ ಸುಲಿಯುವ ರಾತ್ರಿಗಳಲ್ಲಿ ಆತ ಪದ ಹೇಳುತ್ತಿದ್ದ. ತಾನೇ ಅದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ. ಫೋನಿಗೆ ಗೆರೆಯ ಬೀಗ. ಆ ಗೆರೆ ಯಾವುದೆಂದು ಮನೆಯಲ್ಲಿ ಒಬ್ಬರಿಗೂ ತಿಳಿಯದು. ಶಿವಮೊಗ್ಗೆಯ ಅಂಗಡಿಯೊಂದರಲ್ಲಿ ಅರ್ಧ ಗಂಟೆಯಲ್ಲಿ ತೆರೆದುಕೊಡುತ್ತೇವೆ ಎಂದಿದ್ದರಂತೆ. ‘ಅವರಿಗೆ ಕೊಡಲು ಯಾಕೋ ಮನಸ್ಸಾಗಲಿಲ್ಲ ಮೇಷ್ಟ್ರೇ’ ಎಂದರು ಆಕೆ.

ಕೊಡದಿದ್ದದ್ದೇ ಒಳಿತಾಯಿತು. ಬೀಗ ತೆಗೆಯುವ ಉಪಾಯ ಮೇಷ್ಟರಿಗೂ ಗೊತ್ತಿತ್ತು. ಆದರೆ ಹಾಗೆ ತೆಗೆದ ಕ್ಷಣದಲ್ಲಿ ಫೋನು ತನ್ನೊಳಗಿನದೆಲ್ಲವನ್ನೂ ಅಳಿಸಿಬಿಡುತ್ತದೆ. ಕದ್ದವನ ಕೈಗೆ ಮನೆಯ ಗುಟ್ಟು ಸಿಗಬಾರದೆಂದು ಮಾಡಿದ ಏರ್ಪಾಡು ಅದು. 2015ರ 6.0 ಆವೃತ್ತಿಯಿಂದೀಚೆಗೆ ಹೊಸ ಫೋನುಗಳು ಒಳಗಿನ ಬರಹವನ್ನೆಲ್ಲ ಸಂಕೇತಲಿಪಿಗೆ ಇಳಿಸಿಯೇ ಇಡುವುದು ರೂಢಿಯಾಗಿದೆ. ಒಡೆದು ತೆಗೆದರೂ ಓದಲಾಗದು. ಒಂಬತ್ತು ಚುಕ್ಕೆಗಳ ಮೇಲೆ ಎಳೆಯಬಹುದಾದ ಗೆರೆಗಳು ಒಟ್ಟು 3,89,112. ತಪ್ಪು ಹೆಚ್ಚಿದಷ್ಟೂ ಕಾಯಿಸುವ ಹೊತ್ತನ್ನು ಫೋನು ಹೆಚ್ಚಿಸುತ್ತ ಹೋಗುತ್ತದೆ.

‘ನೋಡಮ್ಮ, ಫೋನು ಬೇಕೆಂದರೆ ಈಗಲೇ ಕೊಡುತ್ತೇನೆ, ಹೊಸದರಂತೆ ಇರುತ್ತದೆ. ಪದ ಬೇಕೆಂದರೆ ಇದನ್ನು ಹೀಗೆಯೇ ಬಿಡಬೇಕು’ ಎಂದರು ಮೇಷ್ಟರು. ಕಾಲೇಜಿಗೆ ಹೋಗುವ ಮಗನಿಗೆ ಫೋನಿನ ಅಗತ್ಯ ಬಹಳವಿತ್ತು. ಹೊಸದನ್ನು ಕೊಳ್ಳುವ ಅನುಕೂಲವಿರಲಿಲ್ಲ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹೀಗೇ ಇರಲಿ’ ಎಂದರು. ಮೇಷ್ಟರು ಒಳಗೆ ಹೋಗಿ, ಮೇಜಿನ ಮೇಲೆ ಮರುಹುಟ್ಟು ಪಡೆದ ಫೋನುಗಳಲ್ಲಿ ಒಂದನ್ನು ತಂದು ಹುಡುಗನಿಗೆಂದು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಕೊಂಡವನಿಗೆ ಎದುರಾಗಿ ನಿಲ್ಲುವ ಬೀಗ ಬೇರೆ, ಕೊಂಡವನೇ ತನ್ನ ಕಾವಲಿಗೆ ಹಾಕಿಕೊಂಡ ಬೀಗ ಬೇರೆ. ಮೊದಲನೆಯದರ ಮೇಲಿನ ಮೇಷ್ಟರ ಸಿಟ್ಟು ಈಗಲೂ ಇಳಿದಿಲ್ಲ. ಎರಡನೆಯದನ್ನು ಮಾತ್ರ ಅವರು ಗೌರವದಿಂದ ಕಾಣುತ್ತಾರೆ. ಹಿಂದೆ ಮನೆಯ ಯಜಮಾನಿಯು ಹಾಸಿಗೆ ಹಿಡಿದಾಗ ಬೀಗದ ಕೈಗೊಂಚಲನ್ನು ಸೊಸೆಯ ಸೆರಗಿಗೆ ಕಟ್ಟುತ್ತಿದ್ದಳು. ಕೈಯಲ್ಲಿ ಹಿಡಿಯಲಾಗದ ಈ ಹೊಸ ಬೀಗದ ಕೈಗಳನ್ನು ಯಾರ ಸೆರಗಿಗೆ ಕಟ್ಟಬೇಕೆಂಬುದನ್ನು ಮನೆಗಳು ಇನ್ನೂ ಕಲಿತಿಲ್ಲ. ಈಚೆಗೆ ಮೇಷ್ಟರು, ಫೋನು ರಿಪೇರಿಗೆ ಬಂದವರನ್ನು ಮೊದಲು ಕೇಳುವ ಪ್ರಶ್ನೆ, ‘ಇದರ ಗೆರೆ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿದೆಯೇ?’ ಎಂಬುದೇ. ಅವರ ಸ್ವಂತ ಫೋನಿನ ಗೆರೆಯು ಮನೆಯ ಪಂಚಾಂಗದ ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿದೆ. ಪ್ರತಿ ಯುಗಾದಿಗೂ ಹೊಸ ಪಂಚಾಂಗಕ್ಕೆ ಅದನ್ನು ಇಳಿಸುತ್ತಾರೆ.

ಆ ಹೆಂಗಸಿನ ಫೋನು ಮೇಷ್ಟರ ಮೇಜಿನ ಸೆಳೆಖಾನೆಯಲ್ಲಿಯೇ ಇದೆ. ಬ್ಯಾಟರಿ ಪೂರಾ ಬರಿದಾದರೂ ಕೇಡು, ಪೂರಾ ತುಂಬಿಟ್ಟರೂ ಕೇಡು. ಆದಕಾರಣ ಅವರು ಎರಡು ಮೂರು ತಿಂಗಳಿಗೊಮ್ಮೆ ಅದನ್ನು ಅರ್ಧದಷ್ಟು ತುಂಬಿ ಆರಿಸಿಡುತ್ತಾರೆ. ಊರ ಹಳೆಯ ಯಂತ್ರಗಳಿಗೆಲ್ಲ ಕೆಲಸ ಕೊಟ್ಟ ಆ ಮೇಜಿನಲ್ಲಿ ಯಾವ ಕೆಲಸವನ್ನೂ ಮಾಡದೆ ಇರುವ ಯಂತ್ರ ಅದೊಂದೇ. ಆಕೆ ಶಿವಮೊಗ್ಗೆಗೆ ಹೋಗುವ ಬರುವ ದಿನಗಳಲ್ಲಿ ಆಯನೂರಿನಲ್ಲಿ ಇಳಿಯುತ್ತಾರೆ. ಮೇಷ್ಟರ ತಾಯಿ ಓದುವುದನ್ನು ನಿಲ್ಲಿಸಿ ಜಗಲಿಯಲ್ಲಿ ಜಾಗ ಮಾಡಿಕೊಡುತ್ತಾರೆ. ಆಕೆ ಫೋನನ್ನು ಹಚ್ಚಿ, ನೆನಪಿಗೆ ಬಂದ ಒಂದೆರಡು ಗೆರೆಗಳನ್ನು ಎಳೆದು ನೋಡಿ, ಮತ್ತೆ ಆರಿಸಿ ಕೊಟ್ಟು, ಮುಂದಿನ ಬಸ್ಸಿಗೆ ಹೋಗುತ್ತಾರೆ.