ಇರುಳ ಸಾರಥಿ

ಹೊತ್ತು ಮೂಡುವ ಮುನ್ನವೇ ಊರಿನ ತರಕಾರಿ ಅಂಗಡಿಯ ಮುಂದೆ ಹಣ್ಣು ಕಾಯಿಗಳ ಬುಟ್ಟಿಗಳು ಬಂದು ಕುಳಿತಿರುತ್ತವೆ. ಕೊಳ್ಳಲು ಬಂದವರು ಹಣ್ಣನ್ನು ಒತ್ತಿ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ. ಅದು ಯಾವ ಸೀಮೆಯ ಬೆಳೆ ಎಂದು ವಿಚಾರಿಸುವವರೂ ಉಂಟು. ಆದರೆ ಅದನ್ನು ಅಲ್ಲಿಗೆ ತಂದು ಮುಟ್ಟಿಸಿದವನು ಹಿಂದಿನ ರಾತ್ರಿ ನಿದ್ದೆ ಮಾಡಿದ್ದನೆ ಎಂದು ಕೇಳುವವರು ಅಪರೂಪ. ಸರಕಿನ ಬೆಲೆಯಲ್ಲಿ ಬೀಜ ಗೊಬ್ಬರಗಳ ಖರ್ಚು ಸೇರಿರುತ್ತದೆ. ಕೂಲಿ, ಡೀಸೆಲ್, ರಸ್ತೆಯ ಸುಂಕ, ದಲ್ಲಾಳಿಯ ಪಾಲು ಎಲ್ಲವೂ ಸೇರಿರುತ್ತವೆ. ಲಾರಿಯ ಚಾಲಕನು ಕಳೆದುಕೊಂಡ ನಿದ್ದೆ ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ.

ಕೋಲಾರದ ಕೃಷಿ ಮಾರುಕಟ್ಟೆಯನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಟೊಮೆಟೊ ವ್ಯಾಪಾರಕ್ಕೆ ಅದು ದೇಶದಲ್ಲಿಯೇ ಹೆಸರಾದ ಸ್ಥಳ. ಅಲ್ಲಿ ತುಂಬಿದ ಪೆಟ್ಟಿಗೆಗಳು ಉತ್ತರ ಭಾರತದ ಊರುಗಳವರೆಗೂ ಹೋಗುತ್ತವೆ. ದೆಹಲಿಗೆ ಹೊರಟ ಲಾರಿಯು 44ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು ಅನಂತಪುರ, ಕರ್ನೂಲು, ಹೈದರಾಬಾದು, ನಾಗಪುರ, ಝಾನ್ಸಿ, ಗ್ವಾಲಿಯರ್, ಆಗ್ರಾಗಳ ಮಾರ್ಗವಾಗಿ ಎರಡು ಸಾವಿರ ಕಿಲೊಮೀಟರಿಗೂ ಮಿಗಿಲಾದ ಹಾದಿಯನ್ನು ಸವೆಸಬೇಕು. ಅಕ್ಕಿ ಕಾಯುತ್ತದೆ, ಸಿಮೆಂಟು ಕಾಯುತ್ತದೆ, ಟೊಮೆಟೊ ಕಾಯುವುದಿಲ್ಲ. ಒಂದು ದಿನ ತಡವಾದರೆ ತಳದ ಪೆಟ್ಟಿಗೆಗಳಿಂದ ರಸ ಒಸರತೊಡಗುತ್ತದೆ. ಆದ್ದರಿಂದ ಲಾರಿ ಹೊರಡುವಾಗಲೇ ಚಾಲಕನಿಗೆ ಮುಟ್ಟಬೇಕಾದ ದಿನವನ್ನು ಹೇಳಿ ಕಳುಹಿಸುತ್ತಾರೆ. ಹೇಗೆ ಮುಟ್ಟಬೇಕೆಂಬುದು ಅವನಿಗೇ ಬಿಟ್ಟ ವಿಷಯ.

ಚಾಲಕನ ದಿನವು ಚಕ್ರ ಉರುಳಿದಾಗ ಆರಂಭವಾಗುತ್ತದೆಂದು ಭಾವಿಸುವುದು ಸರಿಯಲ್ಲ. ಅವನು ಬೆಳಗ್ಗೆಯೇ ಮಾರುಕಟ್ಟೆಗೆ ಬಂದು ಸರದಿಯಲ್ಲಿ ನಿಂತಿರುತ್ತಾನೆ. ಹರಾಜು ಮುಗಿಯಬೇಕು, ಪೆಟ್ಟಿಗೆಗಳನ್ನು ಏರಿಸಬೇಕು, ಟಾರ್ಪಾಲು ಹೊದಿಸಿ ಹಗ್ಗ ಬಿಗಿಯಬೇಕು, ಕಾಗದಪತ್ರಗಳು ಕೈಸೇರಬೇಕು. ಇಷ್ಟೆಲ್ಲ ಮುಗಿಯುವ ವೇಳೆಗೆ ಸಂಜೆಯಾಗಿರುತ್ತದೆ. ಉಳಿದವರು ಕೈಕಾಲು ತೊಳೆದು ಮನೆಯ ಕಡೆಗೆ ಮುಖ ಮಾಡುವ ಹೊತ್ತಿಗೆ, ಹನ್ನೆರಡು ಗಂಟೆ ಎಚ್ಚರವಾಗಿದ್ದ ಮನುಷ್ಯನೊಬ್ಬನು ಇಡೀ ರಾತ್ರಿಯ ಪಯಣಕ್ಕೆ ಲಾರಿಯನ್ನು ಏರುತ್ತಾನೆ.

ಮಧ್ಯರಾತ್ರಿಯವರೆಗೆ ಹೆಚ್ಚಿನ ತೊಂದರೆಯಿಲ್ಲ. ಆಮೇಲೆ ಹೆದ್ದಾರಿ ಬರಿದಾಗುತ್ತ ಬರುತ್ತದೆ. ಎಂಜಿನ್ನಿನ ಸದ್ದು ಒಂದೇ ಶ್ರುತಿಯಲ್ಲಿ ಜೋಗುಳದಂತೆ ಕೇಳತೊಡಗುತ್ತದೆ. ರಸ್ತೆಯ ನಡುವಣ ಬಿಳಿಯ ಗೆರೆಗಳು ಒಂದಾದ ಮೇಲೊಂದು ಬಂದು ಚಕ್ರದಡಿಯಲ್ಲಿ ಮಾಯವಾಗುತ್ತವೆ. ಚಾಲಕನು ತನಗೆ ತಿಳಿದ ಉಪಾಯಗಳನ್ನೆಲ್ಲ ಮಾಡುತ್ತಾನೆ. ಕಿಟಕಿ ತೆರೆದು ತಣ್ಣನೆಯ ಗಾಳಿಗೆ ಮುಖವೊಡ್ಡುತ್ತಾನೆ, ಡಾಬಾದಲ್ಲಿ ಕಡುಚಹಾ ಕುಡಿಯುತ್ತಾನೆ, ಮುಖಕ್ಕೆ ನೀರೆರಚಿಕೊಳ್ಳುತ್ತಾನೆ, ಬೀಡಿ ಹಚ್ಚುತ್ತಾನೆ, ಗಟ್ಟಿಯಾಗಿ ಹಾಡುತ್ತಾನೆ, ಪಕ್ಕದ ಕ್ಲೀನರ್ ಹುಡುಗನನ್ನು ಮಾತಿಗೆಳೆಯುತ್ತಾನೆ. ಇವೆಲ್ಲ ಸ್ವಲ್ಪ ಹೊತ್ತು ನಿದ್ದೆಯನ್ನು ಹೊಸ್ತಿಲಾಚೆ ನಿಲ್ಲಿಸಬಲ್ಲವು, ಮನೆಯಿಂದ ಓಡಿಸಲಾರವು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯುಂಟು. ಲಾರಿಯ ಚಾಲಕನಿಗಾದರೋ ಮುಂದಿನ ಊರಿನ ಸಂತೆಯೇ ಚಿಂತೆ. ಅದು ಅವನನ್ನು ಮಲಗಗೊಡುವುದಿಲ್ಲ.

ರಾಮನೊಡನೆ ಕಾಡಿಗೆ ಹೋದ ಲಕ್ಷ್ಮಣನು ಹದಿನಾಲ್ಕು ವರ್ಷ ರೆಪ್ಪೆ ಮುಚ್ಚದೆ ಕಾವಲಿದ್ದನಂತೆ. ಅವನ ಪಾಲಿನ ನಿದ್ದೆಯನ್ನು ಅರಮನೆಯಲ್ಲಿದ್ದ ಊರ್ಮಿಳೆ ವಹಿಸಿಕೊಂಡು ಮಲಗಿದಳೆಂದು ಜನಪದರು ಕಥೆ ಹೇಳುತ್ತಾರೆ. ಕಥೆ ಕಟ್ಟಿದವರು ಜಾಣರು. ನಿದ್ದೆಯ ಸಾಲವನ್ನು ಯಾರಾದರೂ ತೀರಿಸಲೇಬೇಕೆಂಬುದು ಅವರಿಗೆ ತಿಳಿದಿತ್ತು. ಚಾಲಕನಿಗೆ ಅಂಥ ಅನುಕೂಲವಿಲ್ಲ. ಅವನ ನಿದ್ದೆಯನ್ನು ಮನೆಯಲ್ಲಿ ಬೇರೊಬ್ಬರು ಮಾಡಲಾರರು. ಮನುಷ್ಯನ ಒಡಲಿನೊಳಗೆ ಒಂದು ಗಡಿಯಾರವುಂಟು. ಬೆಳಗಿನ ಜಾವ ಎರಡರಿಂದ ಐದು ಗಂಟೆಯವರೆಗೆ ಅದು ಮಲಗೆಂದು ಬಲವಾಗಿ ಕರೆಯುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಇನ್ನೊಮ್ಮೆ ಮೆಲ್ಲಗೆ ಕರೆಯುತ್ತದೆ. ಅಭ್ಯಾಸಬಲದಿಂದಾಗಲಿ ಛಲದಿಂದಾಗಲಿ ಆ ಕರೆಯನ್ನು ಪೂರ್ತಿಯಾಗಿ ಅಡಗಿಸುವುದು ಸಾಧ್ಯವಿಲ್ಲ.

ತಡೆಹಿಡಿದ ನಿದ್ದೆಯು ಕೊನೆಗೆ ಹೇಳದೆ ಕೇಳದೆ ಬರುತ್ತದೆ. ಕೆಲವೇ ಸೆಕೆಂಡುಗಳ ಕಾಲ ಮಿದುಳು ಕದ ಹಾಕಿಕೊಳ್ಳುತ್ತದೆ. ಕೆಲವೊಮ್ಮೆ ಕಣ್ಣು ತೆರೆದಿದ್ದರೂ ನೋಟವಿರುವುದಿಲ್ಲ. ಗಂಟೆಗೆ 60 ಕಿಲೊಮೀಟರು ವೇಗದಲ್ಲಿ ಹೋಗುವ ಲಾರಿಯು ಮೂರು ಸೆಕೆಂಡುಗಳಲ್ಲಿ 50 ಮೀಟರು ಮುಂದೆ ಸಾಗಿರುತ್ತದೆ. ಆ 50 ಮೀಟರುಗಳಲ್ಲಿ ಆ ಭಾರದ ವಾಹನವನ್ನು ನಡೆಸುವವರು ಯಾರೂ ಇರುವುದಿಲ್ಲ. ಅಲ್ಲಿ ಎತ್ತಿನ ಗಾಡಿ ಹೋಗುತ್ತಿರಬಹುದು. ಕೆಟ್ಟು ನಿಂತ ಬಸ್ಸಿನ ಪ್ರಯಾಣಿಕರು ಇಳಿದು ನಿಂತಿರಬಹುದು.

1997ರಲ್ಲಿ ಆಸ್ಟ್ರೇಲಿಯದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ವಿಜ್ಞಾನಿಗಳು ನಿದ್ದೆಗೆಟ್ಟವರ ಕೈಚಳಕವನ್ನೂ ಮದ್ಯ ಸೇವಿಸಿದವರ ಕೈಚಳಕವನ್ನೂ ಹೋಲಿಸಿ ನೋಡಿದರು. 17 ಗಂಟೆಗಳ ಕಾಲ ಸತತವಾಗಿ ಎಚ್ಚರವಾಗಿದ್ದವನ ಸ್ಥಿತಿಯು, 100 ಮಿಲಿಲೀಟರು ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನ ಸ್ಥಿತಿಗೆ ಸಮವೆಂದು ಕಂಡುಬಂದಿತು. ಭಾರತದ ಕಾಯಿದೆಯು ಚಾಲಕನ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧವೆಂದು ಬಗೆಯುತ್ತದೆ. ಎಂದರೆ, ಒಂದು ತೊಟ್ಟು ಹೆಂಡವನ್ನೂ ಮುಟ್ಟದ ಸಜ್ಜನನು ಬರಿಯ ಜಾಗರಣೆಯಿಂದಲೇ ಆ ಮಿತಿಯನ್ನು ಮೀರಿದ ಅಪಾಯವಾಗಬಲ್ಲನು. ಕುಡಿದವನನ್ನು ಕಂಡುಹಿಡಿಯಲು ಉಸಿರು ಊದಿಸುವ ಯಂತ್ರವಿದೆ. ನಿದ್ದೆಗೆಟ್ಟವನನ್ನು ರಸ್ತೆಯ ಬದಿಯಲ್ಲಿ ಹಾಗೆ ಅಳೆದು ನೋಡುವುದು ಸುಲಭವಲ್ಲ.

2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಮಡಿದರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಆ ವರದಿಯ ನಿಯಮೋಲ್ಲಂಘನೆಗಳ ಪಟ್ಟಿಯಲ್ಲಿ ಅತಿವೇಗ, ಮದ್ಯಪಾನ, ತಪ್ಪು ಬದಿಯ ಚಾಲನೆ, ಕೆಂಪು ದೀಪದ ಉಲ್ಲಂಘನೆ, ಮೊಬೈಲ್ ಬಳಕೆ ಎಂಬ ಅಂಕಣಗಳಿವೆ. ನಿದ್ದೆಗೆ ಪ್ರತ್ಯೇಕ ಅಂಕಣವಿಲ್ಲ. ನಿದ್ದೆಹೋದ ಚಾಲಕನು ಬ್ರೇಕನ್ನು ಒತ್ತುವುದಿಲ್ಲವಾದ್ದರಿಂದ ರಸ್ತೆಯ ಮೇಲೆ ಟೈರು ಉಜ್ಜಿದ ಗುರುತೂ ಉಳಿಯುವುದಿಲ್ಲ. ಬದುಕಿ ಉಳಿದವನು ನಿದ್ದೆ ಬಂದಿತ್ತೆಂದು ಒಪ್ಪಿಕೊಳ್ಳಲು ಅಂಜುತ್ತಾನೆ. ಕೊನೆಗೆ ಚಾಲಕನ ಅಜಾಗರೂಕತೆ ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಮಿತಿಮೀರಿ ಜಾಗರೂಕನಾಗಿರಬೇಕಾಗಿ ಬಂದುದೇ ಅದರ ಕಾರಣವಾಗಿರಬಹುದೆಂದು ಯೋಚಿಸುವವರು ಕಡಿಮೆ.

ಚಾಲಕನಿಗೆ ವಿಶ್ರಾಂತಿ ಬೇಕೆಂಬುದನ್ನು ಕಾಯಿದೆ ಮರೆತಿಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಕೆಲಸಕ್ಕೆ ಮಿತಿ ಹಾಕಿತು. ಐದು ಗಂಟೆ ದುಡಿದವನಿಗೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕೆಂದಿತು. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸತತವಾಗಿ ಒಂಬತ್ತು ಗಂಟೆಗಳ ವಿರಾಮವಿರಬೇಕೆಂದಿತು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯು 2025ರ ನವೆಂಬರಿನಲ್ಲಿ ಜಾರಿಗೆ ಬಂದು ಆ ಕಾಯಿದೆಯ ಸ್ಥಾನವನ್ನು ಪಡೆಯಿತು. ದಿನಕ್ಕೆ ಎಂಟು ಗಂಟೆ ಎಂಬ ತತ್ತ್ವವನ್ನು ಅದೂ ಉಳಿಸಿಕೊಂಡಿದೆ. ಆದರೆ ಬರೆದ ನಿಯಮಕ್ಕೂ ನಡೆಯುವ ರೂಢಿಗೂ ನಡುವೆ ಬಹಳ ಅಂತರವಿದೆ. 2020ರಲ್ಲಿ ಸೇವ್‌ಲೈಫ್ ಎಂಬ ಸಂಸ್ಥೆಯು ದೇಶದ ಹತ್ತು ನಗರಗಳಲ್ಲಿ ಚಾಲಕರನ್ನು ವಿಚಾರಿಸಿದಾಗ, ಅವರು ದಿನಕ್ಕೆ ಸರಾಸರಿ ಸುಮಾರು 12 ಗಂಟೆ ಲಾರಿ ಓಡಿಸುವರೆಂದು ತಿಳಿಯಿತು. ದಣಿವು ಅಥವಾ ತೂಕಡಿಕೆ ಇದ್ದಾಗಲೂ ಓಡಿಸುತ್ತೇವೆಂದು ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಒಪ್ಪಿಕೊಂಡರು.

ಈ ಅಂತರಕ್ಕೆ ಒಬ್ಬನೇ ಹೊಣೆಗಾರನಲ್ಲ. ದೇಶದ ಲಾರಿಗಳಲ್ಲಿ ಬಹುಪಾಲು ಸಣ್ಣ ಮಾಲೀಕರವು. ಐದಕ್ಕಿಂತ ಕಡಿಮೆ ಕೆಲಸಗಾರರಿದ್ದ ಉದ್ಯಮಗಳನ್ನು 1961ರ ಕಾಯಿದೆಯು ತಾನಾಗಿ ತನ್ನ ವ್ಯಾಪ್ತಿಗೆ ತಂದುಕೊಳ್ಳಲಿಲ್ಲ. ಸಾಲ ಮಾಡಿ ಲಾರಿ ಕೊಂಡವನಿಗೆ ತಿಂಗಳ ಕಂತಿನ ಚಿಂತೆ; ಲಾರಿ ನಿಂತ ದಿನ ಅವನಿಗೆ ಆದಾಯವಿಲ್ಲ. ಅನೇಕ ಚಾಲಕರಿಗೆ ಸಂಬಳವು ಗಂಟೆಯ ಲೆಕ್ಕದಲ್ಲಿಲ್ಲ, ಟ್ರಿಪ್ಪಿನ ಲೆಕ್ಕದಲ್ಲಿದೆ. ಬೇಗ ಮುಗಿಸಿದಷ್ಟೂ ಮತ್ತೊಂದು ಟ್ರಿಪ್ಪು. ವ್ಯಾಪಾರಿಗೆ ಮಾಲು ಕೆಡುವ ಭಯ. ಕೊಳ್ಳುವವರಿಗೆ ಅಗ್ಗದ ಬೆಲೆಯೂ ಬೇಕು, ಹೊಸ ಸರಕೂ ಬೇಕು. ಹೀಗೆ ಪ್ರತಿಯೊಬ್ಬರೂ ತಮ್ಮ ಅವಸರವನ್ನು ಮುಂದಿನವರ ಕೈಗೆ ದಾಟಿಸುತ್ತ ಹೋಗುತ್ತಾರೆ. ಸಾಲಿನ ಕೊನೆಯಲ್ಲಿ ನಿಂತ ಚಾಲಕನಿಗೆ ಅದನ್ನು ದಾಟಿಸಲು ಯಾರೂ ಸಿಕ್ಕುವುದಿಲ್ಲ. ಅವನು ಅದನ್ನು ತನ್ನ ನಿದ್ದೆಯಿಂದ ತೆರುತ್ತಾನೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ದಾರಿ 2,100 ಕಿಲೊಮೀಟರು, ಸರಾಸರಿ ವೇಗ ಗಂಟೆಗೆ 40 ಕಿಲೊಮೀಟರು ಎಂದಿಟ್ಟುಕೊಂಡರೆ ಓಡುವುದಕ್ಕೆ ಐವತ್ತೆರಡೂವರೆ ಗಂಟೆ ಬೇಕು. ದಿನಕ್ಕೆ ಎಂಟು ಗಂಟೆಯಂತೆ ಒಬ್ಬನೇ ಓಡಿಸಿದರೆ ಲಾರಿ ಏಳನೆಯ ದಿನ ಮುಟ್ಟುತ್ತದೆ. ಇಬ್ಬರು ಚಾಲಕರು ಸರದಿಯಲ್ಲಿ ಎಂಟೆಂಟು ಗಂಟೆ ಓಡಿಸಿದರೆ ನಾಲ್ಕನೆಯ ದಿನವೇ ಮುಟ್ಟುತ್ತದೆ. ನಾಲ್ಕನೆಯ ದಿನ ಮುಟ್ಟಬೇಕೆಂದು ಒಬ್ಬನನ್ನೇ ಕಳುಹಿಸಿದರೆ, ಆ ಒಬ್ಬನು ಇಬ್ಬರ ಕೆಲಸವನ್ನು ಮಾಡಬೇಕಾಗುತ್ತದೆ. ಉಳಿತಾಯವಾಗುವುದು ಎರಡನೆಯವನ ಸಂಬಳ. ಅದಕ್ಕೆ ಒತ್ತೆಯಿಟ್ಟಿರುವುದು ಒಂದನೆಯವನ ಪ್ರಾಣ, ಮತ್ತು ದಾರಿಯಲ್ಲಿ ಎದುರಾಗುವ ಎಲ್ಲರ ಪ್ರಾಣ.

ಅವಸರದ ಸರಕನ್ನು ಮನುಷ್ಯನನ್ನು ದಣಿಸದೆ ಸಾಗಿಸುವ ಉಪಾಯ ಹಿಂದಿನವರಿಗೆ ತಿಳಿಯದಿರಲಿಲ್ಲ. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯ ವ್ಯವಸ್ಥೆಯನ್ನು ಆರಂಭಿಸಿದರು. ಹಿಂದಿನ ಕಾಲದ ಅಂಚೆಯ ಓಟಗಾರನು ಚೀಲವನ್ನು ಹೊತ್ತು ತನ್ನ ಗಡಿಯವರೆಗೆ ಓಡುತ್ತಿದ್ದನು. ಅಲ್ಲಿ ಕಾದಿದ್ದ ಇನ್ನೊಬ್ಬನಿಗೆ ಅದನ್ನು ಒಪ್ಪಿಸುತ್ತಿದ್ದನು. ಚೀಲ ಮುಂದೆ ಹೋಗುತ್ತಿತ್ತು, ಓಟಗಾರ ದಣಿವಾರಿಸಿಕೊಳ್ಳುತ್ತಿದ್ದನು. ದೂರದ ರೈಲುಗಳಲ್ಲಿಯೂ ಚಾಲಕರು ನಡುನಡುವೆ ಬದಲಾಗುತ್ತಾರೆ. ಯುರೋಪಿನ ಒಕ್ಕೂಟದಲ್ಲಿ ಲಾರಿಯ ಚಾಲಕನು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಮಿಸಲೇಬೇಕು. ಟ್ಯಾಕೋಗ್ರಾಫ್ ಎಂಬ ಉಪಕರಣವು ಓಡಿದ ಹೊತ್ತನ್ನೂ ನಿಂತ ಹೊತ್ತನ್ನೂ ತಾನೇ ಬರೆದಿಡುತ್ತದೆ. ಮಾಲೀಕನ ಒತ್ತಾಯವಾಗಲಿ ಚಾಲಕನ ಹುಂಬತನವಾಗಲಿ ಆ ಬರಹವನ್ನು ಸುಲಭವಾಗಿ ಅಳಿಸಲಾರದು.

ನಿಲ್ಲಿಸಬೇಕೆಂದು ಹೇಳಿದರೆ ಸಾಲದು. ನಿಲ್ಲಿಸಲು ಜಾಗವೂ ಬೇಕು. ಹೆದ್ದಾರಿಯ ಅಂಚಿನಲ್ಲಿ ದೀಪವಿಲ್ಲದೆ ನಿಂತ ಲಾರಿಗೆ ಹಿಂದಿನಿಂದ ಕಾರುಗಳು ಬಂದು ಅಪ್ಪಳಿಸಿದ ಸುದ್ದಿ ಆಗಾಗ ಕೇಳಿಬರುತ್ತದೆ. ದಣಿದು ಮಲಗಿದವನೂ ಹೀಗೆ ಅಪಾಯಕ್ಕೆ ಕಾರಣನಾಗುತ್ತಾನೆ. ರಸ್ತೆಯಿಂದ ದೂರವಾದ, ಬೆಳಕಿರುವ, ಸರಕು ಕಳುವಾಗದ, ನೀರು ಮತ್ತು ಶೌಚಾಲಯಗಳಿರುವ ತಂಗುದಾಣಗಳು ದಾರಿಯುದ್ದಕ್ಕೂ ಇರಬೇಕು. ಬೇಸಿಗೆಯಲ್ಲಿ ಕುಲುಮೆಯಂತೆ ಕಾಯುವ ಚಾಲಕನ ಕೋಣೆಯೂ ದಣಿವನ್ನು ಹೆಚ್ಚಿಸುತ್ತದೆ. ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕೋಣೆಗೆ ಹವಾನಿಯಂತ್ರಣವನ್ನು 2025ರಲ್ಲಿ ಕಡ್ಡಾಯ ಮಾಡಿದುದು ಒಳ್ಳೆಯ ಹೆಜ್ಜೆ. ಆದರೆ ತಂಪು ಗಾಳಿಯು ನಿದ್ದೆಗೆ ಬದಲಿಯಾಗಲಾರದು. ನಿದ್ದೆಯ ಕೊರತೆಯನ್ನು ನಿದ್ದೆಯೊಂದೇ ತುಂಬಬಲ್ಲದು.

ಲಾರಿ ಚಾಲಕರಲ್ಲಿ ರಾತ್ರಿಯೆಲ್ಲ ಓಡಿಸಿದವನನ್ನು ಗಟ್ಟಿಗನೆಂದು ಹೊಗಳುವ ಅಭ್ಯಾಸವುಂಟು. ಹಾದಿಯ ನಡುವೆ ಲಾರಿ ನಿಲ್ಲಿಸಿ ಮಲಗಿದವನನ್ನು ಸೋಮಾರಿಯೆಂದು ಹಳಿಯುತ್ತಾರೆ. ತಡವಾಯಿತೆಂದು ಬಾಡಿಗೆಯಲ್ಲಿ ಹಣ ಮುರಿದುಕೊಳ್ಳುವವರೂ ಉಂಟು. ಹೀಗಿದ್ದರೂ ಕಣ್ಣೆಳೆಯತೊಡಗಿದೊಡನೆ ಪಕ್ಕದ ಡಾಬಾದ ಅಂಗಳಕ್ಕೆ ಲಾರಿಯನ್ನು ತಿರುಗಿಸಿ, ಎಂಜಿನ್ ಆರಿಸಿ, ಮಾಲೀಕನ ಬೈಗುಳಕ್ಕೆ ಸಿದ್ಧನಾಗಿ ಮಲಗುವ ಚಾಲಕರು ಇದ್ದೇ ಇದ್ದಾರೆ. ಆ ಹೊತ್ತಿನಲ್ಲಿ ಅವರು ಎಷ್ಟು ಜನರನ್ನು ಉಳಿಸಿದರೆಂಬುದು ಅವರಿಗೂ ತಿಳಿಯದು, ಉಳಿದವರಿಗೂ ತಿಳಿಯದು. ಆಗದ ಅಪಘಾತ ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಅಂಥ ಚಾಲಕನು ಬೆಳಗಾದ ಮೇಲೆ ಎದ್ದು, ಮುಖ ತೊಳೆದು, ಹಗ್ಗದ ಬಿಗಿಯನ್ನು ನೋಡಿ, ಮತ್ತೆ ದಾರಿ ಹಿಡಿಯುತ್ತಾನೆ. ಅವನಿಗೆ ಬರಬೇಕಾದ ಪೂರ್ತಿ ಬಾಡಿಗೆಯು ಮುರಿಯದೆ ಸಿಕ್ಕುವಂತಾದರೆ, ಎಂಟು ಗಂಟೆಯ ನಿಯಮ ಕಾಗದದಿಂದ ಇಳಿದು ರಸ್ತೆಗೆ ಬಂದಿತೆಂದು ಹೇಳಬಹುದು.